ವರ್ನಾಳ ಚೌಕಾಸಿ

"ನಿನ್ನಂಥ ಕಳ್ಳನ ಹತ್ರ ಬಂದಿದ್ದೇ ನನ್ನ ತಪ್ಪು," ಎಂದಳು ಆ ಹೆಂಗಸು. ರಾಯ್ಸ್ ಟ್ಯಾಕೆಟ್ ಇನ್ನೂ ಬೆಲೆಯನ್ನೇ ಹೇಳಿರಲಿಲ್ಲ.

ಬಾಯಲ್ಲಿದ್ದ ಕಾಫಿಯನ್ನು ನುಂಗಿ ರಾಯ್ಸ್ ಅವಳನ್ನು ದಿಟ್ಟಿಸಿದ. ಓಝಾರ್ಕ್ ಸರೋವರದ ದಡದಲ್ಲಿ ಹಳೆಯ ರೇಸ್ ಬೋಟುಗಳನ್ನು ಕೊಂಡು ಮಾರುತ್ತಲೇ ಅವನ ತಲೆ ನರೆತಿತ್ತು. ಬೈಸಿಕೊಂಡು ಅಭ್ಯಾಸವಿತ್ತು. ಆದರೆ ಜನ ಬೈಯುವುದು ಬೆಲೆ ಕೇಳಿದ ಮೇಲೆ.

ಹೆಸರು ವರ್ನಾ ಎಂದಿದ್ದಳು. ಐವತ್ತರ ಆಸುಪಾಸು, ಬಿಸಿಲಿಗೆ ಸುಲಿದ ಮೂಗು. ಜೊತೆಗಿದ್ದವನು ಲೋವೆಲ್, ಗಂಡನಿರಬೇಕು. ಅವಳಿಂದ ನಾಲ್ಕು ಮಾರು ದೂರ ನಿಂತು, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ನೀರಿಗೆ ಉಗುಳುತ್ತಿದ್ದ. ಅವಳು ಬೋಟಿನಲ್ಲೇ ಬಂದಿದ್ದಳು, ಅವನು ಬೇರೆಯಾಗಿ ಟ್ರಕ್ಕಿನಲ್ಲಿ.

ಕಟ್ಟೆಗೆ ಕಟ್ಟಿದ್ದ ಬೋಟು ಮಾತ್ರ ಚೆಂದವಿತ್ತು. ಮೂವತ್ತೆಂಟು ಅಡಿ, ಕಡುಗೆಂಪು, ಹಿಂದೆ ಜೋಡಿ ಎಂಜಿನ್. ಬೇಸಿಗೆಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ಒಂದೂವರೆ ಲಕ್ಷ ಡಾಲರಿಗೆ ಮಾರಬಹುದು. ಆದರೆ ಈಗ ಅಕ್ಟೋಬರ್, ಚಳಿಗಾಲ ಬಾಗಿಲಲ್ಲಿತ್ತು. ಈ ತಿಂಗಳಲ್ಲಿ ರೇಸ್ ಬೋಟು ಮಾರಲು ಬರುವವರು ಎರಡೇ ಬಗೆ: ಸಾಲ ಕುತ್ತಿಗೆಗೆ ಬಂದವರು, ಇಲ್ಲವೇ ದಡ್ಡರು. ಇವಳು ಎರಡನೆಯ ಬಗೆ ಎಂದು ರಾಯ್ಸ್ ತೀರ್ಮಾನಿಸಿದ.

"ಎಕ್ಸ್‌ಚೇಂಜಿಗೆ ಅಂದ್ರಲ್ಲ. ಬದಲಿಗೆ ಏನು ಬೇಕು?"

"ಛಾವಣಿ ಇರೋ ಪಿಕ್ನಿಕ್ ಬೋಟು. ಮೊದಲು ಇದಕ್ಕೆಷ್ಟು ಅಂತ ಬೊಗಳು."

ಒಂದು ಲಕ್ಷದ ಐದು ಸಾವಿರ ಎನ್ನಬೇಕೆಂದಿದ್ದ. ಮರ್ಯಾದಸ್ಥರು ಇನ್ನೊಂದು ಸುತ್ತು ಕೇಳಿಕೊಂಡರೆ ಹತ್ತು ಸಾವಿರ ಏರಿಸುವುದೂ ಉಂಟು. 'ಬೊಗಳು' ಎಂಬ ಮಾತು ಕಿವಿಗೆ ಬಿದ್ದದ್ದೇ ನಾಲಗೆ ತಾನಾಗಿ ತಿರುಗಿತು.

"ತೊಂಬತ್ತೈದು ಸಾವಿರ."

ಕಟ್ಟೆಯ ಮೇಲೆ ಲೋವೆಲ್ ಜಗಿಯುವುದನ್ನು ನಿಲ್ಲಿಸಿದ.

"ತೊಂಬತ್ತೈದಾ?" ವರ್ನಾ ನಕ್ಕಳು. "ಬೋಟು ಅಂದ್ರೆ ಏನಂತಾದ್ರೂ ಗೊತ್ತೇನಯ್ಯ ನಿನಗೆ? ಎಡಗಡೆ ಎಂಜಿನ್ ಒಂಚೂರು ಬಿಸಿಯಾಗುತ್ತೆ, ಅಷ್ಟೇ. ತಳದಲ್ಲಿ ಒಂದು ಬಿರುಕಿತ್ತು, ಅದಕ್ಕೂ ತೇಪೆ ಹಾಕಿಸಿದ್ದೀನಿ. ಇನ್ನೇನಾಗಿದೆ ದೊಡ್ಡರೋಗ?"

ತನ್ನ ಬೋಟಿನ ಹುಳುಕನ್ನು ತಾನೇ ಬಿಚ್ಚಿಡುವವಳನ್ನು ರಾಯ್ಸ್ ಇದೇ ಮೊದಲು ನೋಡುತ್ತಿದ್ದ. ಬೋಟಿನೊಳಗೆ ಬಗ್ಗಿ ತಳ ನೋಡಿದ. ತೇಪೆ ಗಟ್ಟಿಯಾಗಿಯೇ ಇತ್ತು. ಆದರೂ ತಲೆಯಲ್ಲಾಡಿಸಿ ನಾಲಗೆ ಲೊಚಗುಟ್ಟಿಸಿದ.

"ಬಿರುಕು ಬಿಟ್ಟ ಬೋಟನ್ನ ಯಾರು ಮೂಸ್ತಾರಮ್ಮಾ? ಎಂಬತ್ತೆಂಟು."

"ವರ್ನಾ!" ಲೋವೆಲ್ ದಡದಡನೆ ಹತ್ತಿರ ಬಂದ. ಮುಖ ಕೆಂಪೇರಿತ್ತು. "ಸ್ವಲ್ಪ ಬಾಯ್ಮುಚ್ಕೊಂಡಿರೇ ಮಾರಾಯ್ತಿ! ಸರ್, ಅವಳ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ. ಮೊದಲಿಂದಲೂ ಹೀಗೇ. ಈ ಬಾಯಿ ದೆಸೆಯಿಂದಲೇ ನಾನು ಹಾಳಾದೆ."

"ನೀನು ಹಾಳಾಗಿದ್ದು ಆ ಹುಡುಗಿ ದೆಸೆಯಿಂದ. ದೂರ ನಿಂತ್ಕೋ."

ರಾಯ್ಸ್‌ಗೆ ಆ ಗಂಡಸಿನ ಮೇಲೆ ಕನಿಕರ ಹುಟ್ಟಿತು. ಅವನ ಮುಖ ನೋಡಿ ತೊಂಬತ್ತಕ್ಕೆ ಮುಗಿಸೋಣ ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ವರ್ನಾ ಅಂಗಡಿಯ ಬೋರ್ಡಿನ ಕಡೆ ಬೆರಳು ತೋರಿಸಿದಳು.

"ಟ್ಯಾಕೆಟ್ ಮತ್ತು ಮಗ ಅಂತ ಬರೆದಿದ್ದೀಯಲ್ಲ, ನಿಮ್ಮಪ್ಪನೂ ಹೀಗೇ ಜನರ ತಲೆ ಬೋಳಿಸ್ತಿದ್ದನಾ, ಇಲ್ಲ ಈ ವಿದ್ಯೆ ನೀನೇ ಕಲಿತದ್ದಾ?"

ರಾಯ್ಸ್ ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿದ. ಕಾಫಿ ಚೆಲ್ಲಿ ಬೂಟಿನ ಮೇಲೆ ಹರಿಯಿತು. ಅಪ್ಪನನ್ನು ಮಣ್ಣು ಮಾಡಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

"ಎಪ್ಪತ್ತೆಂಟು," ಎಂದ. "ಇಷ್ಟವಿದ್ರೆ ಕೊಡು. ಇಲ್ದಿದ್ರೆ ನಿನ್ನ ಡಬ್ಬಾನ ಎತ್ಕೊಂಡು ಇಲ್ಲಿಂದ ತೊಲಗು."

"ಇದೇ ಕಡೇ ಮಾತಾ?"

"ಕಡೇ ಮಾತು! ಅದರ ಮೇಲೆ ಒಂದೇ ಒಂದು ಡಾಲರ್ ಇಲ್ಲ. ಬೇಕಿದ್ರೆ ಇಡೀ ಸರೋವರಕ್ಕೆ ಕೇಳೋ ಹಾಗೆ ಕೂಗ್ತೀನಿ."

"ಅವನಿಗೆ ಕೇಳಿದ್ರೆ ಸಾಕು."

"ಎಪ್ಪತ್ತೆಂಟು ಸಾವಿರ!" ರಾಯ್ಸ್ ಲೋವೆಲ್ ಕಡೆ ತಿರುಗಿ ಅರಚಿದ. ಲೋವೆಲ್ ಕೈಯಲ್ಲಿದ್ದ ಬೀಜದ ಪೊಟ್ಟಣ ಜಾರಿ ನೀರಿಗೆ ಬಿತ್ತು.

ವರ್ನಾ ಉಸಿರು ಬಿಟ್ಟಳು. ಬೈದು ಬೈದು ಬಿಗಿದಿದ್ದ ಅವಳ ಮುಖ ಸಡಿಲಾಯಿತು. ಈಗ ಬಂದ ದನಿ ಬೇರೆಯೇ ಆಗಿತ್ತು, ತಣ್ಣಗಿತ್ತು.

"ಕೇಳಿಸ್ತಾ ಲೋವೆಲ್? ಡೈವೋರ್ಸ್ ತೀರ್ಪು ನೆನಪಿದೆ ತಾನೇ? ರಾಯ್ಸ್ ಟ್ಯಾಕೆಟ್ ಹೇಳಿದ್ದೇ ಬೆಲೆ ಅಂತ ಹಠ ಹಿಡಿದವನು ನೀನು. ಆ ಬೆಲೆಗೆ ಮಾರಿ ಇಬ್ರೂ ಹಂಚ್ಕೋಬೇಕು, ಇಲ್ಲಾ ನಿನ್ನ ಅರ್ಧ ನಿನಗೆ ಕೊಟ್ಟು ಬೋಟನ್ನ ನಾನೇ ಇಟ್ಕೋಬಹುದು. ಇಟ್ಕೊಳ್ತೀನಿ."

"ನಿನ್ನ ಹತ್ರ ದುಡ್ಡೆಲ್ಲಿದೆ?"

"ನಲವತ್ತು ಸಾವಿರ ಇದೆ. ನಿನಗೆ ಬರೋದು ಮೂವತ್ತೊಂಬತ್ತು. ಈ ಬೋಟಿನ ಸ್ಟಿಯರಿಂಗ್ ಹಿಡಿದು ಹನ್ನೊಂದು ರೇಸ್ ಓಡಿಸಿದವಳು ನಾನು ಕಣೋ. ನೀನು ದಡದಲ್ಲಿ ಬಿಯರ್ ಕುಡಿದೆ."

"ತಡೀರಿ, ತಡೀರಿ!" ರಾಯ್ಸ್ ಕೈ ಚಾಚಿಕೊಂಡು ಓಡಿಬಂದ. "ಒಂದು ಲಕ್ಷದ ಇಪ್ಪತ್ತು ಸಾವಿರ ಕೊಡ್ತೀನಿ!"

ಅವಳು ಆಗಲೇ ಬೋಟಿಗೆ ಇಳಿದು ಹಗ್ಗ ಬಿಚ್ಚುತ್ತಿದ್ದಳು. ಎಂಜಿನ್ನುಗಳೆರಡೂ ಗುಡುಗಿದವು, ಎಡಗಡೆಯದರಲ್ಲಿ ಒಂದು ಕೆಮ್ಮೂ ಇರಲಿಲ್ಲ.

"ಕ್ಷಮಿಸಿ ಸರ್," ಎಂದು ಅವಳು ರಾಯ್ಸ್‌ಗೆ ಕೈಮುಗಿಯುವಷ್ಟು ವಿನಯದಿಂದ ಕೂಗಿ ಹೇಳಿದಳು, "ಮರ್ಯಾದೆಯಿಂದ ಮಾತಾಡಿದ್ರೆ ನೀವು ಬೆಲೆ ಏರಿಸಿಬಿಡ್ತಿದ್ರಿ."