ಒಳ್ಳೆಯ ದಂಪತಿಗಳ ದಿನ

"ಗಂಡಸರ ಸ್ನಾನದ ಮನೆ, ಹೆಂಗಸರದ್ದು ಬೇರೆ ಬೇರೆ ತಾನೆ?" ಇಕುಯೊ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಳು.

"ಬೇರೆ ಬೇರೆ ಅಮ್ಮಾ. ಗಂಡ ಹೆಂಡ್ತಿ ಬರೋದಾದ್ರೆ ಜೋಡಿಯಾಗಿ ಸ್ನಾನ ಮಾಡೋ ಕೋಣೆನೂ ಇದೆ," ಎಂದಳು ನಾಗಾಸಾಕಿಯ ಹೋಟೆಲಿನ ಹುಡುಗಿ.

"ಬೇಡ ಬೇಡ. ಬೇರೆ ಬೇರೆನೇ ಇರಲಿ."

ಹುಡುಗಿ ಕಿಸಕ್ಕನೆ ನಕ್ಕಳು. ನಾಚಿಕೆ ಎಂದುಕೊಂಡಿರಬೇಕು.

ನಾಚಿಕೆಯಲ್ಲ. ಇಕುಯೊ ಗಂಡನನ್ನು ಬಿಟ್ಟು ಓಡಿಹೋಗುವವಳಿದ್ದಳು. ಕುರುಮೆ ಊರಿನ ತಮ್ಮ ಮನೆಯಿಂದ ಓಡುವುದು ಆಗದ ಮಾತು. ಹಾಸಿಗೆ ಹಿಡಿದ ಅತ್ತೆ ತೊಮಿ ಗಳಿಗೆಗೊಮ್ಮೆ ಕೂಗುತ್ತಿದ್ದಳು. ತಾಯಿ ಕೂಗಿದರೆ ಗಂಡ ಮಸನೊಬು ಟೀವಿಯ ದನಿ ಏರಿಸುತ್ತಿದ್ದ. ಕುಡಿತವಿಲ್ಲ, ಹೊಡೆತವಿಲ್ಲ, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇದ್ದುಬಿಡುತ್ತಿದ್ದ, ಅಷ್ಟೇ. ಎಂಟು ವರ್ಷ ಮುದುಕಿಯ ಹೊಲಸು ಬಳಿದವಳು ಇಕುಯೊ ಒಬ್ಬಳೇ. ವೃದ್ಧಾಶ್ರಮದಲ್ಲಿ ಜಾಗ ಸಿಗುವ ಆಸೆಯನ್ನು ಎಂದೋ ಬಿಟ್ಟಿದ್ದಳು. ಮನೆಯಲ್ಲಿ ಯಾರು ಉಳಿಯುತ್ತಾರೋ ಮುದುಕಿ ಅವರ ಪಾಲು. ಹಾಗಾದರೆ ಅವನೇ ಉಳಿಯಲಿ ಎಂದು ಅವಳು ತೀರ್ಮಾನಿಸಿದ್ದಳು.

ಆರಿಸಿಕೊಂಡ ದಿನ ನವೆಂಬರ್ ಇಪ್ಪತ್ತೆರಡು. ಆ ತಾರೀಖಿನ ಅಂಕಿಗಳನ್ನು ಜಪಾನೀ ಭಾಷೆಯಲ್ಲಿ ಕೊಂಚ ತಿರುಚಿ ಓದಿದರೆ 'ಒಳ್ಳೆಯ ದಂಪತಿ' ಎಂದಾಗುತ್ತದೆ. ಅಷ್ಟು ಸಾಕು, ಹೋಟೆಲುಗಳೆಲ್ಲ ಗಂಡ ಹೆಂಡಿರ ನಗರವಿಹಾರಕ್ಕೆ ರಿಯಾಯಿತಿ ಕೊಡುತ್ತವೆ. ಟ್ರಾಮಿನ ಸವಾರಿ, ಗುಡ್ಡದ ಮೇಲಿಂದ ಊರ ದೀಪ, ಬಿಸಿನೀರಿನ ಸ್ನಾನ, ಇಬ್ಬರಿಗೆ ಊಟ. ಸ್ನಾನಕ್ಕೆ ಗಂಡಸರು ನೀಲಿ ಪರದೆಯೊಳಗೆ, ಹೆಂಗಸರು ಕೆಂಪು ಪರದೆಯೊಳಗೆ. ಅವನು ನೀರಿಗಿಳಿದ ಕೂಡಲೇ ಇವಳು ಹೊರಬಿದ್ದು ರೈಲು ಹತ್ತುವುದು. ನಗೋಯಾದಲ್ಲಿ ಗೆಳತಿ ಸಚಿಎ ಊಟದ ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ನೋಡಿಟ್ಟಿದ್ದಳು. ಒಂದು ಕೋಣೆಯನ್ನೂ ಹಿಡಿದಿಟ್ಟಿದ್ದಳು.

ಗಂಡನನ್ನು ಒಪ್ಪಿಸುವುದೇ ಕಷ್ಟವೆಂದುಕೊಂಡಿದ್ದಳು. ಅವನೋ, "ಹೋಗೋಣ, ಅದಕ್ಕೇನು," ಎಂದುಬಿಟ್ಟ. ರಜೆಯ ದಿನ ಮನೆ ಹೊಸಿಲು ದಾಟದ ಆಸಾಮಿ!

ಅತ್ತೆಯನ್ನು ಎರಡು ರಾತ್ರಿಯ ಮಟ್ಟಿಗೆ ಆರೈಕೆ ಕೇಂದ್ರದಲ್ಲಿ ಬಿಟ್ಟರು. ತುರ್ತಿಗೆ ಯಾರ ನಂಬರು ಎಂದು ದಾದಿ ಕೇಳಿದಳು.

"ಇವಳದ್ದೇ ಬರ್ಕೊಳ್ಳಿ. ನನ್ನ ಫೋನಲ್ಲಿ ಬ್ಯಾಟರಿ ನಿಲ್ಲಲ್ಲ," ಎಂದ ಮಸನೊಬು.

ಯಾವಾಗಲೂ ಹೀಗೇ ಎಂದು ಇಕುಯೊ ಹಲ್ಲು ಕಚ್ಚಿದಳು. ಆದರೆ ಅಂದು ಅವನು ತಾಯಿಯ ಪಕ್ಕ ಕುಳಿತು ಉಗುರು ಕತ್ತರಿಸಿದ. ಹುಟ್ಟಿದಾಗಿನಿಂದ ಮಾಡದ ಕೆಲಸ. ಮುದುಕಿಗೆ ಕಾಲು ಬಿದ್ದಿದ್ದವೇ ಹೊರತು ನಾಲಿಗೆ ಬಿದ್ದಿರಲಿಲ್ಲ.

"ಏನೋ ಇದು, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ? ಹೋಗ್ಬನ್ನಿ ಇಬ್ರೂ. ಒಬ್ರಾದ್ರೂ ವಾಪಸ್ ಬನ್ನಿ ಮತ್ತೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಕುಯೊಳ ಕಿವಿ ಬಿಸಿಯಾಯಿತು. ಮಸನೊಬು ಮಾತ್ರ ಜೋರಾಗಿ ನಕ್ಕ.

ನಾಗಾಸಾಕಿಯಲ್ಲಿ ಅವನು ಬೇರೆಯೇ ಮನುಷ್ಯನಾದ. ಟ್ರಾಮಿನಲ್ಲಿ ಅವಳಿಗೆ ಸೀಟು ಹಿಡಿದ. ಕಸ್ತೆಲ್ಲಾ ಕೇಕು ಕೊಂಡು, "ತಳದ ಸಕ್ಕರೆ ನಿನಗಿಷ್ಟ ಅಲ್ವಾ," ಎಂದು ತನ್ನ ತುಂಡಿನ ತಳವನ್ನೂ ಅವಳಿಗೇ ಕೊಟ್ಟ. ಅದನ್ನೆಲ್ಲ ಇವನು ನೆನಪಿಟ್ಟುಕೊಂಡಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮುಸ್ಸಂಜೆ ಗುಡ್ಡದ ಮೇಲೆ ನಿಂತಾಗ ಕೆಳಗೆ ಬಂದರಿನ ದೀಪಗಳು ಹತ್ತುತ್ತಿದ್ದವು. ಸುತ್ತ ಜೋಡಿಗಳು ಫೋಟೋ ತೆಗೆದುಕೊಳ್ಳುತ್ತಿದ್ದವು. ಅವನು ಅವಳ ಕಡೆ ತಿರುಗದೆ ಹೇಳಿದ:

"ನಿನಗೆ ಬಹಳ ಕಷ್ಟ ಕೊಟ್ಬಿಟ್ಟೆ, ಇಕುಯೊ. ನಾನು ಒಳ್ಳೇ ಗಂಡ ಅಲ್ಲ."

"ಈಗ್ಯಾಕ್ರೀ ಆ ಮಾತು?"

"ಈಗ ಹೇಳ್ದೆ ಇನ್ಯಾವಾಗ ಹೇಳ್ಲಿ?"



ಹೋಟೆಲಿಗೆ ಮರಳಿ, ಊಟಕ್ಕೆ ಮುಂಚೆ ಸ್ನಾನಕ್ಕೆ ಹೊರಟರು. ಎಲ್ಲರೂ ಹೋಟೆಲಿನ ಹತ್ತಿ ನಿಲುವಂಗಿ ತೊಟ್ಟು ಓಡಾಡುತ್ತಿದ್ದರು. ಮಸನೊಬು ಪ್ಯಾಂಟು ಕೋಟಿನಲ್ಲೇ ಬಂದ, ನಿಲುವಂಗಿ ಗಿಡ್ಡವಾಯಿತಂತೆ. ಅದನ್ನು ಯೋಚಿಸುವ ವ್ಯವಧಾನ ಇಕುಯೊಗೆ ಇರಲಿಲ್ಲ. ಅವಳ ಜೀವವೆಲ್ಲ ಟವೆಲ್ಲಿನಡಿ ಸ್ವೆಟರು, ಬೂಟು ಬಚ್ಚಿಟ್ಟ ಚೀಲದ ಮೇಲಿತ್ತು.

"ನಿಧಾನವಾಗಿ ಸ್ನಾನ ಮಾಡು. ಅವಸರ ಇಲ್ಲ," ಎಂದು ಅವನು ನೀಲಿ ಪರದೆ ಎತ್ತಿದ.

ಕೆಂಪು ಪರದೆಯ ಹಿಂದೆ ಅವಳು ಸ್ವೆಟರನ್ನು ಹೊರತೆಗೆದಳು. ಹೋಗುವುದಾದರೆ ಈಗಲೇ. ಆದರೆ ಮನಸ್ಸು ಬರಲಿಲ್ಲ. ಎಂಟು ವರ್ಷ ಕೇಳದ ಮಾತನ್ನು ಇಂದು ಕೇಳಿದ್ದಳಲ್ಲ. ಉಗುರು ಕತ್ತರಿಸಿದ ಕೈ ನಾಳೆ ಬೆನ್ನನ್ನೂ ಒರೆಸೀತು. ಅರ್ಧ ಹೊರೆ ಅವನು ಹೊತ್ತರೆ ಹೇಗೋ ಬದುಕಿಬಿಡಬಹುದು. ಅಲ್ಲದೆ, ಆ ಮುದುಕಿಯ ಜೊತೆ ಒಂದು ಜೀವವನ್ನು ಒಂಟಿಯಾಗಿ ಬಿಟ್ಟು ಹೋಗುವುದು ಮನುಷ್ಯರು ಮಾಡುವ ಕೆಲಸವೇ? ತನ್ನ ಮೇಲೆ ಅವಳಿಗೇ ಅಸಹ್ಯವಾಯಿತು.

"ನಾನು ಬರಲ್ಲ ಸಚಿಎ. ಕೋಣೆ ಬೇರೆ ಯಾರಿಗಾದ್ರೂ ಕೊಡ್ಸು," ಎಂದು ಗೆಳತಿಗೆ ಫೋನಿನಲ್ಲಿ ಬರೆದು ಕಳಿಸಿದಳು. ಆಮೇಲೆ ಬಿಸಿನೀರಿಗಿಳಿದು, ಯಾರಿಗೂ ಕಾಣದಂತೆ ಅತ್ತಳು.

ಹೊರಬಂದು ಎರಡು ಬಾಟಲಿ ತಣ್ಣನೆಯ ಹಾಲು ಕೊಂಡು, ಪರದೆಗಳ ಎದುರಿನ ಬೆಂಚಿನಲ್ಲಿ ಕುಳಿತಳು. ಎಲ್ಲವನ್ನೂ ಇವತ್ತೇ ಹೇಳಿಬಿಡಬೇಕು, ಓಡಿಹೋಗಲು ಬಂದದ್ದನ್ನೂ. ಬೈದರೆ ಬೈಯಲಿ. ಗಂಡಸರು ಒಬ್ಬೊಬ್ಬರಾಗಿ ನೀಲಿ ಪರದೆ ಸರಿಸಿ ಹೊರಬಂದರು. ಬಾಟಲಿಗಳು ಬೆವರಿ, ಹಾಲಿನ ತಂಪು ಇಳಿಯಿತು. ನಿಧಾನವೇ ಪ್ರಧಾನ ಎನ್ನುವ ಮನುಷ್ಯ ಎಂದು ಅವಳು ಒಬ್ಬಳೇ ನಕ್ಕಳು.

ಊಟದ ಮನೆಯ ಹೆಂಗಸು ಬಂದು ಬಗ್ಗಿ ವಂದಿಸಿದಳು. "ಊಟ ತಯಾರಾಗಿದೆ, ಬನ್ನಿ ಅಮ್ಮಾ."

"ನಮ್ಮೆಜಮಾನ್ರು ಇನ್ನೂ ಸ್ನಾನದಲ್ಲಿದಾರೆ. ಬಂದ್ಬಿಡ್ಲಿ, ಒಟ್ಟಿಗೇ ಕೂರ್ತೀವಿ."

"ಇಲ್ವಲ್ಲಮ್ಮಾ, ಅವ್ರು ನೀವು ಒಳಗೆ ಹೋದ ಕೂಡ್ಲೇ ಪೆಟ್ಟಿಗೆ ತಗೊಂಡು ಟ್ಯಾಕ್ಸಿ ಹತ್ತಿದ್ರು, ಇನ್ಮೇಲೆ ಒಬ್ರಿಗೇ ಊಟ ಸಾಕು ಅಂದ್ರು."