ಲಕ್ಕಮ್ಮನ ಪಾಲಿನ ಬ್ಲಾಂಡಿ

ಆ ಮನೆಯಲ್ಲಿ ಹೆಂಗಸೇ ಇಲ್ಲ ಎಂಬ ಅನುಮಾನವನ್ನು ಭಾಗ್ಯಶ್ರೀಯ ತಲೆಗೆ ಹಾಕಿದವನು ಬೀದಿ ಮೂಲೆಯ ಇಸ್ತ್ರಿ ಗಾಡಿಯ ಕಾಡಪ್ಪ.

"ಚಿಕ್ಕಬೈರಪ್ಪನೋರ ಮನೆಯಿಂದ ನನ್ಗೆ ಬರೋದು ಬರೀ ಪಂಚೆ, ಶರಟು ಮೇಡಂ. ನಾನಿಲ್ಲಿ ಗಾಡಿ ಹಾಕ್ದಾಗಿಂದ ಒಂದು ಸೀರೆ ಬಂದಿಲ್ಲ."

ಅವಳ ಕೈಯಲ್ಲಿದ್ದ ಡಬ್ಬಿ ಇನ್ನೂ ಬೆಚ್ಚಗಿತ್ತು. ಅವಳೇ ಬೇಯಿಸಿದ ಕೇಕಿನ ತುಂಡುಗಳು: ಅರ್ಧ ಬ್ರೌನಿ, ಅರ್ಧ ಬ್ಲಾಂಡಿ. ಕಪ್ಪಗಿನ ಬ್ರೌನಿ ಚಿಕ್ಕಬೈರಪ್ಪನವರಿಗೆ. ಕೋಕೋ ಹಾಕದ, ಬೆಲ್ಲದ ಬಣ್ಣದ ಬ್ಲಾಂಡಿ ಅವರ ಹೆಂಡತಿ ಲಕ್ಕಮ್ಮನಿಗೆ. ಎಷ್ಟೋ ಶನಿವಾರಗಳಿಂದ ಇದೇ ಆರ್ಡರ್. ಲಕ್ಕಮ್ಮನನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

"ಅಜ್ಜಿ ಎಲ್ರೀ?" ಎಂದು ಅವರ ಜಗಲಿಯಲ್ಲಿ ಆ ದಿನವೂ ಕೇಳಿದಳು.

"ತ್ವಾಟಕ್ಕೋಗವ್ಳೆ ಕಣಮ್ಮ," ಎಂದರು ಚಿಕ್ಕಬೈರಪ್ಪ. ಯಾವಾಗ ಕೇಳಿದರೂ ಇದೇ ಉತ್ತರ.

ಯಾವ ತೋಟ? ಅಲ್ಲಾಳಸಂದ್ರದಲ್ಲಿ ಅವರ ದ್ರಾಕ್ಷಿ ತೋಟವಿದ್ದದ್ದು ಕೆರೆಯ ಆಚೆ, ಈಗ ಅವಳು ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಜಾಗದಲ್ಲಿ. ಅದನ್ನು ಹಿಂದೊಮ್ಮೆ ಅವರೇ ಹೇಳಿದ್ದರು. ಬಳ್ಳಿ ಕಿತ್ತು ಕಾಂಕ್ರೀಟ್ ಸುರಿದು ವರ್ಷಗಳೇ ಆಗಿದ್ದವು. ಇಲ್ಲದ ತೋಟಕ್ಕೆ ಹೋದ ಹೆಂಡತಿ. ಅಜ್ಜಿ ಎಂದೋ ತೀರಿಹೋಗಿರಬೇಕು ಎಂದು ಭಾಗ್ಯಶ್ರೀಗೆ ಹೊಳೆಯಿತು.

ಮುದುಕರು ಸುಳ್ಳು ಹೇಳುತ್ತಿರಲಿಲ್ಲ. ಸತ್ತವಳನ್ನು ಮನೆಯಿಂದ ಕಳಿಸಿಕೊಡಲು ಅವರಿಗೆ ಮನಸ್ಸಿಲ್ಲ. ಹಾಗೆಂದುಕೊಂಡಳು. ಅಂದಿನಿಂದ ಲಕ್ಕಮ್ಮನ ಪಾಲನ್ನು ಇನ್ನಷ್ಟು ಅಕ್ಕರೆಯಿಂದ ಮಾಡತೊಡಗಿದಳು. ಬೆಣ್ಣೆಯನ್ನು ಘಮ್ಮೆನ್ನುವವರೆಗೆ ಕಾಯಿಸಿ, ಮೊಟ್ಟೆಯ ಬದಲು ಗಟ್ಟಿ ಮೊಸರು ಬೆರೆಸಿ, ಮೇಲೆ ಗೋಡಂಬಿ ಚೂರು ಒತ್ತುತ್ತಿದ್ದಳು. ಚುಚ್ಚಿದ ಕಡ್ಡಿಗೆ ಸ್ವಲ್ಪ ತೇವದ ಚೂರು ಅಂಟಿಕೊಂಡಿರುವಾಗಲೇ ಓವನ್ನಿನಿಂದ ತೆಗೆಯುತ್ತಿದ್ದಳು; ಹಲ್ಲಿಲ್ಲದ ಬಾಯಿಗೂ ಮೆತ್ತಗಿರಬೇಕು.

ಬೇರೆ ಆರ್ಡರ್‌ಗಳು ಹೆಚ್ಚುಕಡಿಮೆ ನಿಂತೇಹೋಗಿದ್ದವು. ಮನೆಯಲ್ಲಿ ಜೊತೆಗಿದ್ದ ಗೆಳತಿ ಶೀತಲ್ ಮದುವೆಯಾಗಿ ಪುಣೆಗೆ ಹೋದ ಮೇಲೆ, ಸಂಜೆ ಕಳೆಯಲೆಂದು ಅವಳು ಓವನ್ ಕೊಂಡದ್ದು. ಅಪಾರ್ಟ್‌ಮೆಂಟಿನ ದೀಪಾವಳಿ ಮೇಳದಲ್ಲಿ ಮೇಜು ಹಾಕಿದ್ದಳು. ಅಲ್ಲಿಗೆ ಬಂದ ಚಿಕ್ಕಬೈರಪ್ಪ ತಿಂಡಿಯ ಹೆಸರೂ ಕೇಳಲಿಲ್ಲ. "ಒಬ್ಳೇನಾ ಇರೋದು?" ಎಂದರು. ಹೌದೆಂದಳು. "ಶನಿವಾರ ಶನಿವಾರ ಮನೆ ತಾವ ತಂದ್ಕೊಡು," ಎಂದರು.

ಅಂದಿನಿಂದ ಶನಿವಾರದ ಆ ಒಂದು ಗಂಟೆ ಮುದುಕರಿಗೆ ಮೀಸಲು. ಅವರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದರು. ಊಟ ಸರಿಯಾಗಿ ಮಾಡ್ತೀಯಾ, ಊರಿಂದ ಫೋನ್ ಬಂತಾ, ಮೈಗೆ ಹುಷಾರಾ ಎಂದು ಕೇಳುತ್ತಿದ್ದರು. ಪಾಪ, ಮಾತಿಗೆ ಹಸಿದಿದ್ದಾರೆ ಎಂದುಕೊಂಡು ಅವಳು ಎಲ್ಲವನ್ನೂ ಉದ್ದುದ್ದ ಹೇಳುತ್ತಿದ್ದಳು. ಅವಳದು ಮನೆಯಲ್ಲೇ ಕೂತು ಮಾಡುವ ಕಂಪನಿ ಕೆಲಸ. ಕೆಲವು ವಾರ ಶುಕ್ರವಾರದ ಹೊತ್ತಿಗೆ ಅವಳ ದನಿ ಅವಳಿಗೇ ಹೊಸದೆನಿಸುತ್ತಿತ್ತು.

"ಬ್ಲಾಂಡಿ ಅಜ್ಜಿಗೆ ಸೇರ್ತೇನ್ರೀ?"

ಚಿಕ್ಕಬೈರಪ್ಪ ಗೇಟಿನ ಕಡೆ ನೋಡಿದರು. "ಊಂ, ಎಲ್ರೂ ಖಾಲಿ ಮಾಡುದ್ರು."

ಎಲ್ರೂ! ಆ ಖಾಲಿ ಮನೆಯಲ್ಲಿ. ಅವಳು ಕಾಫಿ ಲೋಟದಲ್ಲಿ ಮುಖ ಮರೆಸಿಕೊಂಡಳು.

ಅದೇ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಒಳ್ಳೆಯ ಕೆಲಸ ಸಿಕ್ಕಿತು. ಅಕ್ಕನ ಮನೆಯ ಹತ್ತಿರವೇ ಆಫೀಸು.

"ಬಂದ್ಬಿಡವಾ," ಎಂದಳು ಅಕ್ಕ ಫೋನಿನಲ್ಲಿ. "ಮಕ್ಕಳು ಚಿಕ್ಕಮ್ಮ ಚಿಕ್ಕಮ್ಮ ಅಂತ ಕುಣೀಲಿಕ್ಕತ್ತಾವ. ಅಲ್ಲೇನೈತಿ ನಿಂದು?"

"ಇಲ್ಲೂ ಒಂದಿಷ್ಟು ಜವಾಬ್ದಾರಿ ಅದ, ಅಕ್ಕಾ."

ಬುಧವಾರ ಬೆಳಿಗ್ಗೆ ಆ ಕೆಲಸ ಬೇಡವೆಂದು ತಿಳಿಸಿಬಿಟ್ಟಳು. ಅಕ್ಕ ಸಿಟ್ಟಿನಿಂದ ಫೋನ್ ಇಟ್ಟಳು. ಭಾಗ್ಯಶ್ರೀಗೆ ಮಾತ್ರ ಮನಸ್ಸು ಹಗುರಾಗಿತ್ತು. ಶನಿವಾರದವರೆಗೆ ಕಾಯಲಾಗದೆ ಅಂದೇ ಬೇಯಿಸಿದಳು. ಡಬ್ಬಿಯ ತುಂಬ ಬರೀ ಬ್ಲಾಂಡಿ. ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತಿದಳು.

ಗೇಟಿನ ಮುಂದೆ ಲಗೇಜ್ ಆಟೋ ನಿಂತಿತ್ತು. ಸೇವಂತಿಗೆ ತುಂಬಿದ ಬುಟ್ಟಿಗಳನ್ನು ಇಳಿಸುತ್ತಿದ್ದವಳು ಒಬ್ಬ ಗಟ್ಟಿಮುಟ್ಟಾದ ಮುದುಕಿ. ಮುದುರಿದ ನೂಲಿನ ಸೀರೆ, ಅಂಚಿಗೆಲ್ಲ ಕೆಮ್ಮಣ್ಣು.

"ಯಜಮಾನ್ರು ಕ್ಷೌರಕ್ಕೋಗವ್ರೆ. ಏನು ಬೇಕಿತ್ತಮ್ಮ?"

"ನೀವು... ಲಕ್ಕಮ್ಮನೋರೇನ್ರೀ?"

"ಊಂ, ನಾನೇ. ಎಸರಘಟ್ಟದ ನಮ್ ಊವಿನ ತ್ವಾಟದಿಂದ ಈಗಿನ್ನೂ ಬರ್ತಾ ಇವ್ನಿ. ನಾಳೀಕೆ ಮನೇಲಿ ಪೂಜೆ ಐತೆ ಅಂತ ಊವು ತರಕ್ಕೋಗಿದ್ದೆ. ಯಾವಾಗ್ಲೂ ಶುಕ್ರವಾರ ಓದ್ರೆ ಭಾನುವಾರವೇ ನಾನು ಬರೋದು." ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಓ, ಆ ಕೇಕ್ ಉಡ್ಗಿ ಕಳ್ಸಿದ್ಲಾ? ನೀನು ಡೆಲಿವರಿಯೋಳಾ?"

ಭಾಗ್ಯಶ್ರೀಗೆ ನಗು, ಅಳು ಒಟ್ಟಿಗೇ ಬಂದವು. ಬದುಕಿದ್ದಾರೆ! ಎದುರಿಗೇ ನಿಂತಿದ್ದಾರೆ! ಹೆಲ್ಮೆಟ್ ತೆಗೆಯುವುದೂ ಮರೆತು ಹೌದೆಂದು ತಲೆಯಾಡಿಸಿದಳು.

"ನಿಮಗ ಇದು ಭಾಳ ಸೇರ್ತದಂತಲ್ರೀ?"

"ಅಯ್ಯೋ ಬುಡವ್ವ," ಲಕ್ಕಮ್ಮ ನಕ್ಕಳು. "ನಮ್ಮಿಬ್ರಿಗೂ ಸಕ್ರೆ ಕಾಯ್ಲೆ. ನಾಲ್ಗೆಗೂ ಮುಟ್ಸಲ್ಲ. ಯಜಮಾನ್ರು ತ್ವಾಟಕ್ಕೆ ಕಳ್ಸ್ತಾರೆ, ಊವು ಕೀಳೋ ಎಂಗಸ್ರು ತಿಂತಾರೆ."

"ಮತ್ತ... ಯಾಕ ತರಿಸ್ತೀರಿ?"

ಲಕ್ಕಮ್ಮ ಬುಟ್ಟಿಯನ್ನು ನೆಲಕ್ಕಿಟ್ಟು ದನಿ ತಗ್ಗಿಸಿದಳು.

"ಆ ಉಡ್ಗಿ ಮುಂದೆ ಏಳ್ಬ್ಯಾಡ ಕಣವ್ವ, ನಾವೂ ಬ್ಯಾಡ ಅಂದ್ಬುಟ್ರೆ ಆ ಮಗೀನ ಮಾತಾಡ್ಸೋರು ಈ ಊರ್ನಾಗೆ ಒಬ್ರೂ ಇಲ್ವಂತೆ."