ಮೇಸ್ತ್ರಿ ಬಂದರೆ ಇಳಿಯುವ ಮೀಟರು

ಇಷ್ಟು ಚಿಕ್ಕ ಸಂಗತಿಯನ್ನು ಕಥೆ ಎಂದು ಹೇಳಹೊರಟಿದ್ದಕ್ಕೆ ಓದುಗರು ಮನ್ನಿಸಬೇಕು. ಸರ್ಕ್ಯೂಟು ಬಲ್ಲವರು ಎಲ್ಲಿ ತಪ್ಪು ಹಿಡಿಯುತ್ತಾರೋ ಎಂಬ ಅಳುಕೂ ಇದೆ.

ಮೇಸ್ತ್ರಿ ಮೆಕ್ಯಾನಿಕ್‌ನ ಬೆನ್ನ ಹಿಂದೆ ಬಂದು ನಿಂತರು. ಮೀಟರಿನ ಅಂಕಿ ಸರ್ರನೆ ಇಳಿಯಿತು.

"ಈಗ ತಾನೇ ಸರಿಯಿತ್ತು ಸಾರ್," ಎಂದ ಮೆಕ್ಯಾನಿಕ್.

"ನಾನಿಲ್ಲದಾಗ ಎಲ್ಲಾ ಸರಿಯಾಗೇ ಇರುತ್ತೆ ನಿಂದು," ಎಂದು ಮೇಸ್ತ್ರಿ ಮೂಗು ಮುರಿದು ಹೋದರು.

ಅದು ವರ್ಕ್‌ಶಾಪಿನ ಯಜಮಾನಿಯ ಸ್ವಂತ ಡಿಜಿಟಲ್ ಮಲ್ಟಿಮೀಟರ್. ಕಳೆದ ವಾರ ಅವರ ಕಣ್ಣೆದುರೇ ಮೇಸ್ತ್ರಿ ಏನನ್ನೋ ಅಳೆದು ತೋರಿಸಲು ಹೋಗಿ, ಅಂಕಿ ತಪ್ಪಿ, ಮುಖಭಂಗ ಮಾಡಿಕೊಂಡಿದ್ದರು. ಇನ್‌ಪುಟ್ ಸರ್ಕ್ಯೂಟೇ ಕೆಟ್ಟಿದೆ ಎಂದು ನಿಂತಲ್ಲೇ ತೀರ್ಪು ಕೊಟ್ಟು, ಅದನ್ನು ತಂದು ಮೆಕ್ಯಾನಿಕ್‌ನ ಮೇಜಿನ ಮೇಲೆ ಕುಕ್ಕಿದ್ದರು. ಯಜಮಾನಿ ಬರುವಷ್ಟರಲ್ಲಿ ಸರಿಯಾದರೆ ಅವನ ಕೆಲಸ ಖಾಯಂ. ಇಲ್ಲವಾದರೆ ಬೇರೆ ಕಡೆ ನೋಡಿಕೊಳ್ಳಬಹುದು.

ಪಾಪ, ಅವನು ಮಾಡದೆ ಬಿಟ್ಟಿದ್ದೇನೂ ಇಲ್ಲ. ಸಾಕೆಟ್ಟುಗಳಿಗೆ ಹೊಸ ಬೆಸುಗೆ ಹಾಕಿದ. ಫ್ಯೂಸ್ ಬದಲಿಸಿದ. ತಿರುಗಿಸುವ ಸ್ವಿಚ್ಚಿನ ತಗಡುಗಳನ್ನು ಉಜ್ಜಿದ. ಬೋರ್ಡನ್ನು ಸ್ಪಿರಿಟ್‌ನಲ್ಲಿ ತೊಳೆದು, ಕೂಸಿನ ತಲೆ ಒರೆಸಿದಷ್ಟು ಜೋಪಾನವಾಗಿ ಒರೆಸಿದ. ಇನ್‌ಪುಟ್ ದಾರಿಯ ರೆಸಿಸ್ಟರುಗಳನ್ನು ಒಂದೊಂದಾಗಿ ಕಿತ್ತು ಹೊಸತು ಕೂರಿಸಿದ.

ಪ್ರತಿ ಸಲದ ಪರೀಕ್ಷೆಯೂ ಒಂದೇ. ಹತ್ತು ಲಕ್ಷ ಓಮ್‌ನ ಬಿಡಿ ರೆಸಿಸ್ಟರಿನ ಎರಡು ಕಾಲುಗಳನ್ನು ಮೀಟರಿನ ಎರಡು ಕಡ್ಡಿಗಳಿಗೆ ಬೆರಳಿನಿಂದ ಒತ್ತಿ ಹಿಡಿಯುವುದು. ಕಚ್ಚಿ ಹಿಡಿಯುವ ಕ್ಲಿಪ್ಪುಗಳು ಕಳುವಾಗುತ್ತವೆಂದು ಮೇಸ್ತ್ರಿ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಅಲ್ಲಿ ಎಲ್ಲರಿಗೂ ಬೆರಳೇ ಕ್ಲಿಪ್ಪು. ಒಬ್ಬನೇ ಇದ್ದಾಗ ಅಂಕಿ ಹತ್ತು ಲಕ್ಷದ ಆಸುಪಾಸು. ಮೇಸ್ತ್ರಿ ಬಂದರೆ ನಾಲ್ಕು ಲಕ್ಷ.

"ಮೀಟರಿಗೂ ಮೇಸ್ತ್ರಿ ಕಂಡ್ರೆ ಜೀವ ಝಲ್ ಅನ್ನುತ್ತೆ ಕಣೋ," ಎಂದಳು ಪಕ್ಕದ ಮೇಜಿನಲ್ಲಿ ಕಾಯಿಲ್ ಸುತ್ತುವ ಅಕ್ಕ.

ಅವನಿಗೆ ನಗು ಬರಲಿಲ್ಲ. ತಾನು ಹೋಗುವ ಸಂಜೆಯ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ಏನೋ ಒಂದನ್ನು ತಾನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ಅವನ ಕೊರಗು.

ಊಟದ ಹೊತ್ತಿಗೆ ಯಜಮಾನಿ ಬಂದೇಬಿಟ್ಟರು. ಮೇಸ್ತ್ರಿ ಒಂದು ಕಡೆ, ಅವರು ಇನ್ನೊಂದು ಕಡೆ. ಅವನು ಉಸಿರು ಬಿಗಿಹಿಡಿದು ಕಡ್ಡಿಗಳನ್ನು ಒತ್ತಿದ. ಮೂರು ಲಕ್ಷ. ಬೆರಳ ತುದಿಯಿಂದ ಬೆವರಿನ ಹನಿಯೊಂದು ಮೇಜಿಗೆ ಬಿತ್ತು.

ಮೇಸ್ತ್ರಿಗೆ ಆಗ ಹೊಳೆಯಿತು. ಒದ್ದೆ ಬೆರಳು ಎರಡೂ ಕಡ್ಡಿಗಳಿಗೆ ತಾಗಿದರೆ ಕರೆಂಟು ಮೈಯೊಳಗೂ ಹಾದುಹೋಗುತ್ತದೆ, ಅಂಕಿ ಇಳಿಯುತ್ತದೆ ಎಂದು ಗೆದ್ದ ದನಿಯಲ್ಲಿ ವಿವರಿಸಿದರು.

"ದೋಷ ಮೀಟರಿಂದಲ್ಲಮ್ಮ, ಇವನ ಪುಕ್ಕಲು ಕೈಯಿಂದು. ಇಂಥವನನ್ನ ಇಟ್ಟುಕೊಂಡು ಏನು ಮಾಡೋದು?"

ಮೆಕ್ಯಾನಿಕ್ ತಲೆ ತಗ್ಗಿಸಿದ.

"ಹೌದಾ?" ಎಂದರು ಯಜಮಾನಿ. "ಹಾಗಾದ್ರೆ ನೀವೇ ಹಿಡಿದು ತೋರಿಸಿ ಮೇಸ್ತ್ರಿಗಳೇ." ಹೇಳಿ, ಅವರ ಬೆನ್ನ ಹಿಂದೆ ಹೋಗಿ ನಿಂತರು.

ಮೇಸ್ತ್ರಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಹಿಡಿದರು. ಅಂಕಿ ಮೂರರಲ್ಲೂ ನಿಲ್ಲಲಿಲ್ಲ, ಒಂದೂವರೆ ಲಕ್ಷಕ್ಕೆ ಇಳಿಯಿತು.

ಕಾಯಿಲ್ ಸುತ್ತುತ್ತಿದ್ದ ಅಕ್ಕನಿಗೆ ಸುತ್ತಿನ ಲೆಕ್ಕ ತಪ್ಪಿತು.

"ಹೋದ ವಾರವೂ ನೀವು ಹಿಡಿದಾಗ ಹೀಗೇ ಇಳಿದಿತ್ತಲ್ಲ," ಎಂದರು ಯಜಮಾನಿ ಮೆಲ್ಲಗೆ. "ಇವನನ್ನ ಖಾಯಂ ಮಾಡಿ. ಕೆಡದ ಮೀಟರನ್ನ ಇಷ್ಟೆಲ್ಲ ಬಿಚ್ಚಿಯೂ ಕೆಡಿಸಿಲ್ಲ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಪರದೆ ನೋಡಿದ್ದೇ ಯಜಮಾನಿಯ ಮುಖ ಇಳಿಯಿತು. ಬೆವೆತ ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಬಂದೆ, ಬಂದೆ," ಎನ್ನುತ್ತ ಹೊರಗೆ ಓಡಿದರು.

ಆ ಕರೆ ಯಾರದು ಎಂಬುದು ಮಾತ್ರ ಗೊತ್ತಿಲ್ಲ.